ಉದ್ದದ ಮಣ್ಣಿನ ಒಡ್ಡು ಎಲ್ಲಿ ಒಡೆಯುತ್ತದೆ? ಸಾಧ್ಯತೆಯನ್ನು ಅಳೆಯುವುದು ಹೇಗೆ?

ಪ್ರಶ್ನೆ: ನದಿ ಪಕ್ಕದ ಒಂದು ಮಣ್ಣಿನ ಒಡ್ಡಿನ ಉಸ್ತುವಾರಿ ನನ್ನ ಮೇಲಿದೆ. ಉದ್ದ 40 ಕಿ.ಮೀ., ಎತ್ತರ ಸುಮಾರು 5 ಮೀಟರ್. ಪ್ರತಿ 500 ಮೀಟರಿಗೆ ಒಂದು ಬೋರ್‌ಹೋಲ್ ತೆಗೆಸಿ ಮಣ್ಣು ಪರೀಕ್ಷೆ ಮಾಡಿಸಿದ್ದೇವೆ. ಎಲ್ಲ ಕಡೆ ಸೇಫ್ಟಿ ಫ್ಯಾಕ್ಟರ್ (ತಡೆಯುವ ಬಲ ಕುಸಿಸುವ ಬಲದ ಎಷ್ಟು ಪಟ್ಟು ಎಂಬುದು) 1.5ಕ್ಕಿಂತ ಮೇಲೆಯೇ ಬಂದಿದೆ. ಕಟ್ಟಿ 40 ವರ್ಷ ಆಯ್ತು, ಒಮ್ಮೆಯೂ ಒಡೆದಿಲ್ಲ. ‘ಒಡ್ಡು ಸುರಕ್ಷಿತ’ ಎಂದು ವರದಿ ಬರೆಯಬಹುದಾ? ಇಡೀ ಒಡ್ಡು ಒಡೆಯುವ ಸಾಧ್ಯತೆ ಎಷ್ಟು ಎಂದು ಒಂದೇ ಸಂಖ್ಯೆಯಲ್ಲಿ ಹೇಳಲು ಮೇಲಿನವರು ಕೇಳುತ್ತಿದ್ದಾರೆ. ಅದನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ: ಈಗ ನಿಮ್ಮ ಕೈಲಿರುವ ಮಾಹಿತಿ ಇಟ್ಟುಕೊಂಡು ಹಾಗೆ ಬರೆಯಬೇಡಿ. ನಿಮ್ಮ ಕೆಲಸದಲ್ಲಿ ತಪ್ಪಿದೆ ಎಂದು ಹೇಳುತ್ತಿಲ್ಲ. 80 ಬೋರ್‌ಹೋಲ್ ತೆಗೆಸಿ, ಎಲ್ಲದರ ಲೆಕ್ಕ ಮಾಡಿರುವುದು ಸಣ್ಣ ವಿಷಯ ಅಲ್ಲ. ಆದರೆ ನೀವು ಕೊಟ್ಟ ಮೂರು ಆಧಾರಗಳು, ಅಂದರೆ 1.5, 500 ಮೀಟರ್ ಮತ್ತು 40 ವರ್ಷ, ಇವು ಮೂರೂ ಮೇಲ್ನೋಟಕ್ಕೆ ಕೊಡುವಷ್ಟು ಧೈರ್ಯವನ್ನು ನಿಜಕ್ಕೂ ಕೊಡುವುದಿಲ್ಲ. ಒಂದೊಂದಾಗಿ ನೋಡೋಣ.

ಮೊದಲು 40 ವರ್ಷದ್ದು, ಯಾಕೆಂದರೆ ಅದು ಸುಲಭ. ಒಂದು ಒಡ್ಡು ಪ್ರತಿ ವರ್ಷ ಒಡೆಯುವ ಸಾಧ್ಯತೆ ನೂರಕ್ಕೆ 1 ಇದೆ ಅಂದುಕೊಳ್ಳಿ. ಒಡ್ಡಿನ ಹಿಂಬದಿಯಲ್ಲಿ ಜನ ವಾಸವಿದ್ದರೆ ಇದು ತುಂಬಾ ಕೆಟ್ಟ ಒಡ್ಡು. ಇಂಥ ಒಡ್ಡು 40 ವರ್ಷ ಒಡೆಯದೆ ನಿಲ್ಲುವ ಸಾಧ್ಯತೆ ಎಷ್ಟು? 0.99 ಅನ್ನು 40 ಸಲ ಗುಣಿಸಿ ನೋಡಿ, ಸುಮಾರು 0.67 ಬರುತ್ತದೆ. ಮೂರರಲ್ಲಿ ಎರಡು ಪಾಲು! ಅಂದರೆ ನಿಮ್ಮ ಒಡ್ಡು ಇಷ್ಟು ವರ್ಷ ನಿಂತಿದೆ ಎಂಬುದು ಅದು ಕೆಟ್ಟ ಒಡ್ಡು ಅಲ್ಲ ಎಂದು ತೋರಿಸುವುದಿಲ್ಲ. ಇನ್ನೊಂದು ಮಾತು, ಆ 40 ವರ್ಷದಲ್ಲಿ ಬಂದ ಅತಿ ದೊಡ್ಡ ನೆರೆಯ ಮಟ್ಟ ಎಷ್ಟು, ನೀರು ಎಷ್ಟು ದಿನ ಒಡ್ಡಿಗೆ ಒತ್ತಿ ನಿಂತಿತ್ತು ಎಂದು ಹುಡುಕಿ ತೆಗೆಯಿರಿ. 3 ಮೀಟರ್ ನೀರು ಎರಡು ದಿನ ನಿಂತು ಹೋಗಿದ್ದರೆ ಒಡ್ಡು ಪಾಸಾಗಿರುವುದು ಆ ಪರೀಕ್ಷೆಯನ್ನು ಮಾತ್ರ. ನಾಲ್ಕೂವರೆ ಮೀಟರ್ ನೀರು ಹತ್ತು ದಿನ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರ ಇಲ್ಲ. ಜೇಡಿಮಣ್ಣಿನ ಒಡ್ಡಿನೊಳಗೆ ನೀರು ತುಂಬಾ ನಿಧಾನಕ್ಕೆ ಇಳಿಯುತ್ತದೆ. ಹಾಗಾಗಿ ಬೇಗ ಬಂದು ಬೇಗ ಹೋದ ನೆರೆ ಒಡ್ಡನ್ನು ಪೂರ್ತಿ ನೆನೆಸಿಯೇ ಇರುವುದಿಲ್ಲ.

ಈಗ 1.5. ಸೇಫ್ಟಿ ಫ್ಯಾಕ್ಟರ್ ಒಂದು ಅಂದಾಜು ಅಷ್ಟೇ, ಆ ಅಂದಾಜು ಎಷ್ಟು ಅಲುಗಾಡುತ್ತದೆ ಎಂದು ಅದೇ ನಮಗೆ ಹೇಳುವುದಿಲ್ಲ. ಎರಡು ಜಾಗ ತೆಗೆದುಕೊಳ್ಳಿ. ಮೊದಲನೆಯದರಲ್ಲಿ ಸರಾಸರಿ ಫ್ಯಾಕ್ಟರ್ 1.5, ಆದರೆ ಮಣ್ಣಿನ ಬಗ್ಗೆ ಗೊತ್ತಿರುವುದು ಕಡಿಮೆ, ಹಾಗಾಗಿ ಅದರ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯಿಂದ ಎಷ್ಟು ಆಚೀಚೆ ಹೋಗಬಹುದು ಎಂಬ ಅಳತೆ, 0.3. ಎರಡನೆಯದರಲ್ಲಿ ಫ್ಯಾಕ್ಟರ್ ಬರೀ 1.3, ಆದರೆ ಪರೀಕ್ಷೆ ಚೆನ್ನಾಗಿ ಆಗಿದೆ, ಡೀವಿಯೇಷನ್ 0.1. ಫ್ಯಾಕ್ಟರ್ 1ಕ್ಕಿಂತ ಕೆಳಗೆ ಇಳಿದರೆ ಕುಸಿತ. ನಾರ್ಮಲ್ ಹಂಚಿಕೆ (ಸರಾಸರಿಯ ಎರಡೂ ಬದಿಗೆ ಗಂಟೆಯ ಆಕಾರದಲ್ಲಿ ಹರಡಿರುವುದು) ಎಂದು ಹಿಡಿದು ಲೆಕ್ಕ ಮಾಡಿದರೆ ಮೊದಲ ಜಾಗ ಕುಸಿಯುವ ಸಾಧ್ಯತೆ ನೂರಕ್ಕೆ ಸುಮಾರು 5. ಎರಡನೆಯದು ಸಾವಿರಕ್ಕೆ 1ರ ಆಸುಪಾಸು. 1.5 ಇರುವ ಜಾಗವೇ ಜಾಸ್ತಿ ಅಪಾಯದ್ದು ಅಲ್ವಾ? ಅದಕ್ಕೇ ನಿಮ್ಮ ವರದಿಯಲ್ಲಿ ಪ್ರತಿ ಫ್ಯಾಕ್ಟರ್ ಪಕ್ಕದಲ್ಲೂ ಅದು ಎಷ್ಟು ಹೆಚ್ಚು ಕಡಿಮೆ ಆಗಬಹುದು ಎಂಬ ಕಾಲಂ ಒಂದು ಇರಲೇಬೇಕು.

ಇನ್ನು ಉದ್ದ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯ ಹೃದಯ ಇದೇ. ಅಣೆಕಟ್ಟು ಒಂದು ಜಾಗದಲ್ಲಿ ನಿಂತ ಕಟ್ಟಡ, ಅದರ ಅಡಿಯ ನೆಲವನ್ನು ಇಂಚಿಂಚು ಪರೀಕ್ಷೆ ಮಾಡಿರುತ್ತಾರೆ. ನದಿಯ ಒಡ್ಡು ಹಾಗಲ್ಲ. ಅದು ಹತ್ತಾರು ಕಿಲೋಮೀಟರ್ ಹರಡಿರುತ್ತದೆ, ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನ ಕೈಗೆ ಸಿಕ್ಕ ಮಣ್ಣು ಹಾಕಿ ಏರಿಸಿರುತ್ತಾರೆ, ಕೆಳಗಿನ ನೆಲವಂತೂ ನದಿ ಸಾವಿರಾರು ವರ್ಷ ಅತ್ತಿತ್ತ ಹರಿದು ಬಿಟ್ಟುಹೋದದ್ದು. ಇಂಥ ಒಡ್ಡು ಎಲ್ಲೋ ಒಂದು ಕಡೆ, 30 ಮೀಟರ್ ಒಡೆದರೂ ಸಾಕು, ಹಿಂದಿನ ಊರೆಲ್ಲ ಮುಳುಗುತ್ತದೆ. ಉಳಿದ 39 ಕಿಲೋಮೀಟರಿಗಿಂತ ಹೆಚ್ಚು ಭಾಗ ಗಟ್ಟಿಯಾಗಿ ನಿಂತಿತ್ತು ಎಂಬುದರಿಂದ ಯಾರಿಗೂ ಏನೂ ಉಪಯೋಗ ಆಗುವುದಿಲ್ಲ.

ಪ್ರತಿ ಕಿಲೋಮೀಟರ್ ವರ್ಷಕ್ಕೆ ಒಡೆಯುವ ಸಾಧ್ಯತೆ ಸಾವಿರಕ್ಕೆ 1 ಅಂದುಕೊಳ್ಳೋಣ. ಒಂದು ಕಿಲೋಮೀಟರಿಗೂ ಇನ್ನೊಂದಕ್ಕೂ ಏನೂ ಸಂಬಂಧ ಇಲ್ಲದಿದ್ದರೆ 40 ಕಿಲೋಮೀಟರಿನ ಒಟ್ಟು ಸಾಧ್ಯತೆ ನೂರಕ್ಕೆ 4ರ ಹತ್ತಿರ, ಅಂದರೆ 25ಕ್ಕೆ 1. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದರೆ, ಒಂದು ನಿಂತರೆ ಎಲ್ಲ ನಿಲ್ಲುತ್ತದೆ, ಒಟ್ಟು ಸಾಧ್ಯತೆ ಸಾವಿರಕ್ಕೆ 1 ಆಗಿಯೇ ಉಳಿಯುತ್ತದೆ. ನಿಜ ಇವೆರಡರ ನಡುವೆ ಎಲ್ಲೋ ಇರುತ್ತದೆ. ನೀರಿನ ಮಟ್ಟ ಎಲ್ಲ ಕಡೆಗೂ ಹೆಚ್ಚು ಕಡಿಮೆ ಒಂದೇ, ಒಂದೇ ನೆರೆ ಎಲ್ಲವನ್ನೂ ಒಟ್ಟಿಗೆ ಪರೀಕ್ಷೆ ಮಾಡುತ್ತದೆ. ಮಣ್ಣು ಮಾತ್ರ ಕೆಲವು ಹತ್ತು ಅಥವಾ ನೂರು ಮೀಟರಿಗೊಮ್ಮೆ ಬದಲಾಗುತ್ತದೆ.

ನೆದರ್‌ಲ್ಯಾಂಡ್ಸ್‌ನವರು ಇದನ್ನು ನಿಯಮದೊಳಗೇ ತಂದಿದ್ದಾರೆ. 1953ರ ಸಮುದ್ರದ ನೆರೆಯಲ್ಲಿ ಅಲ್ಲಿ 1,800ಕ್ಕೂ ಹೆಚ್ಚು ಜನ ಸತ್ತರು, ಆಮೇಲೆ ಅವರು ಒಡ್ಡಿನ ವಿಷಯದಲ್ಲಿ ಸುಮ್ಮನೆ ಕೂರಲಿಲ್ಲ. 2017ರಲ್ಲಿ ಜಾರಿಗೆ ಬಂದ ಅವರ ಪದ್ಧತಿಯಲ್ಲಿ ಒಂದು ಸರಳ ಸೂತ್ರ ಇತ್ತು: 1 ಕೂಡಿಸು ‘ಎ’ ಗುಣಿಸು ಉದ್ದ ಭಾಗಿಸು ‘ಬಿ’. ಇಡೀ ಒಡ್ಡಿನ ಗುರಿಯನ್ನು ಇದರಿಂದ ಭಾಗಿಸಿದರೆ ಒಂದೊಂದು ಜಾಗದ ಗುರಿ ಸಿಗುತ್ತದೆ. ಇಲ್ಲಿ ‘ಎ’ ಅಂದರೆ ಆ ರೀತಿಯ ಒಡೆತಕ್ಕೆ ಈಡಾಗಬಲ್ಲ ಉದ್ದ ಎಷ್ಟು ಪಾಲು ಎಂದು. ‘ಬಿ’ ಅಂದರೆ ಮಣ್ಣು ಎಷ್ಟು ದೂರಕ್ಕೊಮ್ಮೆ ಬೇರೆಯದೇ ಆಗುತ್ತದೆ ಎಂದು. ನದಿಯ ಮೇಲ್ಭಾಗದ ಒಡ್ಡುಗಳ ಅಡಿಯಲ್ಲಿ ಮರಳು ಕೊರೆದು ಹೋಗುವುದಕ್ಕೆ, ಅಂದರೆ ಪೈಪಿಂಗಿಗೆ, ಅವರು ಅದರಲ್ಲಿ ಇಟ್ಟ ಬೆಲೆ ಎ 0.9, ಬಿ 300 ಮೀಟರ್. ಇಳಿಜಾರು ಕುಸಿಯುವುದಕ್ಕೆ ಎ 0.033, ಬಿ 50 ಮೀಟರ್. ನಿಮ್ಮ 40 ಕಿಲೋಮೀಟರಿಗೆ ಹಾಕಿ ನೋಡಿ: ಪೈಪಿಂಗಿಗೆ 121, ಕುಸಿತಕ್ಕೆ 27. ಇಡೀ ಒಡ್ಡಿಗೆ ವರ್ಷಕ್ಕೆ ಸಾವಿರಕ್ಕೆ 1 ಎಂಬ ಗುರಿ ಇಟ್ಟು, ಅದರಲ್ಲಿ ಕಾಲು ಪಾಲನ್ನು ಪೈಪಿಂಗಿಗೆ ಬಿಟ್ಟರೆ, ಒಂದೊಂದು ಜಾಗದಲ್ಲಿ ನೀವು ತಲುಪಬೇಕಾದ ಸಾಧ್ಯತೆ ಸುಮಾರು 5 ಲಕ್ಷಕ್ಕೆ 1! ಒಂದು ಜಾಗದ ಲೆಕ್ಕ ಮಾಡಿ ‘ಸಾವಿರಕ್ಕೆ 1 ಬಂತು, ಸಾಕು’ ಎಂದು ಬಿಡುವುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ. ಈ ಬೆಲೆಗಳು ಅವರ ನೆಲಕ್ಕೆ ಹೊಂದಿದವು, ಕಣ್ಣು ಮುಚ್ಚಿ ನಿಮ್ಮಲ್ಲಿ ಬಳಸಬೇಡಿ. ಉದ್ದ ಎಷ್ಟು ತೂಗುತ್ತದೆ ಎಂದು ತಿಳಿಯಲಿ ಎಂದಷ್ಟೇ ಹೇಳಿದೆ.

ಈಗ ನಿಮ್ಮ ಬೋರ್‌ಹೋಲ್‌ಗಳ ಮಾತು. ಒಡ್ಡಿನ ಅಡಿಯಲ್ಲಿ ಹಳೆಯ ನದಿಪಾತ್ರ ಒಂದು ಅಡ್ಡ ಹಾಯ್ದಿದೆ, ಅಗಲ 60 ಮೀಟರ್, ಒಳಗೆಲ್ಲ ಸಡಿಲ ಮರಳು ತುಂಬಿದೆ ಎಂದುಕೊಳ್ಳಿ. 500 ಮೀಟರಿಗೊಂದು ರಂಧ್ರ ಕೊರೆದರೆ ಅದು ಸಿಗುವ ಸಾಧ್ಯತೆ ನೂರಕ್ಕೆ 12. ಸಿಗದೆ ಹೋಗುವುದು 88! ಹಾಗಂತ 50 ಮೀಟರಿಗೊಂದು ಕೊರೆಸಿ ಎಂದು ನಾನು ಹೇಳುವುದಿಲ್ಲ, ಅಷ್ಟು ದುಡ್ಡು ಯಾರ ಹತ್ತಿರವೂ ಇರುವುದಿಲ್ಲ. ಎಲ್ಲಿ ಕೊರೆಯಬೇಕು ಎಂದು ಮೊದಲೇ ತಿಳಿದುಕೊಂಡು ಕೊರೆಯಿರಿ. ಹಳೆಯ ಸರ್ವೆ ನಕ್ಷೆ, ವಿಮಾನದಿಂದ ತೆಗೆದ ಹಳೆಯ ಚಿತ್ರ, ಉಪಗ್ರಹ ಚಿತ್ರ ಇವುಗಳನ್ನು ಒಡ್ಡಿನ ಗೆರೆಯ ಮೇಲೆ ಇಟ್ಟು ನೋಡಿದರೆ ಹಳೆಯ ನದಿಯ ಬಳಸುಗಳು ಬಿಲ್ಲಿನ ಹಾಗೆ ಬಾಗಿ ಕಾಣುತ್ತವೆ. ಅದಾದ ಮೇಲೆ ಒಡ್ಡಿನ ಬುಡದ ಉದ್ದಕ್ಕೂ ನೆಲದ ವಿದ್ಯುತ್ ರೋಧ ಅಳೆಯುವ ಸರ್ವೆ ಮಾಡಿಸಿ. ಮರಳು ಮತ್ತು ಜೇಡಿ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ, ಎಲ್ಲಿ ಒಂದಕ್ಕೊಂದು ತಟ್ಟನೆ ಬದಲಾಗುತ್ತವೆಯೋ ಅಲ್ಲಿ ಕೊರೆಯಿರಿ ಅಥವಾ ಕೋನ್ ಪೆನೆಟ್ರೇಷನ್ ಟೆಸ್ಟ್ (ಮೊನಚು ತುದಿಯ ಕೋಲನ್ನು ನೆಲಕ್ಕೆ ಒತ್ತಿ ಮಣ್ಣು ಎಷ್ಟು ತಡೆಯುತ್ತದೆ ಎಂದು ಅಳೆಯುವುದು) ಮಾಡಿಸಿ. ನೆತ್ತಿಯ ಮೇಲೆ ಮಾತ್ರ ಕೊರೆಯುವುದು ಸಾಮಾನ್ಯವಾಗಿ ಆಗುವ ತಪ್ಪು, ಯಾಕೆಂದರೆ ಗಾಡಿ ಅಲ್ಲಿಗೆ ಸುಲಭವಾಗಿ ಹೋಗುತ್ತದೆ. ನಮಗೆ ಬೇಕಾದ ನೆಲ ಹಿಂಬದಿಯ ಬುಡದಲ್ಲಿ ಇದೆ. ಇನ್ನೊಂದು, ಕೊರೆದ ರಂಧ್ರವನ್ನು ಬೆಂಟೊನೈಟ್ ಗ್ರೌಟ್ (ನೀರು ಬಿಡದ ಜೇಡಿಯ ಗಾರೆ) ಹಾಕಿ ಪೂರ್ತಿ ಮುಚ್ಚಿದ್ದಾರಾ ಎಂದು ನೀವೇ ನಿಂತು ನೋಡಿ. ತೆರೆದು ಬಿಟ್ಟ ರಂಧ್ರ ನೆರೆ ಬಂದಾಗ ನೀರಿಗೆ ಸಿದ್ಧ ದಾರಿ.

ಪೈಪಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಸೇಫ್ಟಿ ಫ್ಯಾಕ್ಟರ್ 1.5 ಎಂದು ನೀವು ಹೇಳಿರುವುದು ಬಹುಶಃ ಇಳಿಜಾರಿನ ಕುಸಿತದ್ದು, ಪೈಪಿಂಗ್ ಅದರಲ್ಲಿ ಬರುವುದೇ ಇಲ್ಲ. ಮೇಲೆ ತೆಳ್ಳಗೆ ಜೇಡಿಯ ಪದರ, ಕೆಳಗೆ ಮರಳು. ನದಿಯಲ್ಲಿ ನೀರು ಏರಿದಾಗ ಮರಳಿನೊಳಗಿನ ಒತ್ತಡವೂ ಏರುತ್ತದೆ, ಒಡ್ಡಿನ ಹಿಂದಿನ ಜೇಡಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಜೇಡಿ ಬಿರುಕು ಬಿಟ್ಟ ಕಡೆ ನೀರು ಬುಗ್ಗೆಯ ಹಾಗೆ ಚಿಮ್ಮುತ್ತದೆ, ಜೊತೆಗೆ ಮರಳು ತರುತ್ತದೆ. ಮರಳು ಹೊರಗೆ ಬಂದಷ್ಟೂ ಒಳಗೆ ಸಣ್ಣ ಸುರಂಗ ನದಿಯ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಅದು ನದಿಯನ್ನು ಮುಟ್ಟಿದರೆ ಸುರಂಗ ಬೇಗ ಅಗಲವಾಗಿ ಮೇಲಿನ ಒಡ್ಡು ಕುಸಿದು ಕೂರುತ್ತದೆ. 2009ರಲ್ಲಿ ನೆದರ್‌ಲ್ಯಾಂಡ್ಸ್‌ನ ‘ಐಕ್‌ಡೈಕ್’ ಪ್ರಯೋಗದಲ್ಲಿ ನಿಜವಾದ ಅಳತೆಯ ಒಡ್ಡು ಕಟ್ಟಿ ಬೇಕೆಂತಲೇ ಹೀಗೆ ಒಡೆಸಿ ನೋಡಿದರು. ಮೊದಲ ಮರಳು ಬುಗ್ಗೆ ಕಂಡ ತಕ್ಷಣ ಒಡ್ಡು ಹೋಗಲಿಲ್ಲ, ಕೆಲವು ದಿನ ಹಿಡಿಯಿತು. ನೆರೆಯ ಸಮಯದಲ್ಲಿ ಕಾವಲು ನಡೆಯುವುದಕ್ಕೆ ಬೆಲೆ ಇರುವುದು ಇದರಿಂದಲೇ.

ಜೇಡಿ ಏಳುವ ಲೆಕ್ಕ ಕೈಯಲ್ಲೇ ಮಾಡಬಹುದು. ಹಿಂಬದಿಯಲ್ಲಿ 2 ಮೀಟರ್ ಜೇಡಿ, ಅದರ ತೂಕ ಘನ ಮೀಟರಿಗೆ 17 ಕಿಲೋನ್ಯೂಟನ್. ನೀರಿನದು ಸುಮಾರು 10. ಅಂದರೆ ಆ ಜೇಡಿಯ ಭಾರ 3.4 ಮೀಟರ್ ನೀರಿನಷ್ಟು. ಮರಳಿನೊಳಗಿನ ನೀರಿನ ಒತ್ತಡ ನೆಲಮಟ್ಟಕ್ಕಿಂತ 1.4 ಮೀಟರ್ ಮೇಲೆ ಏರಿದರೆ ಆ ಜೇಡಿ ಮೇಲಕ್ಕೆ ಏಳುತ್ತದೆ. ಈಗ ಯಾರೋ ಬುಡದ ಹತ್ತಿರ 1 ಮೀಟರ್ ಆಳದ ಕಾಲುವೆ ತೋಡಿ ನೀರು ಬಸಿದರು ಎಂದುಕೊಳ್ಳಿ. ಉಳಿದಿರುವುದು 1 ಮೀಟರ್ ಜೇಡಿ. ಕಾಲುವೆಯ ತಳದಿಂದ ಬರೀ 0.7 ಮೀಟರ್ ಏರಿದರೆ ಸಾಕು, ಅಂದರೆ ಒತ್ತಡ ನೆಲಮಟ್ಟವನ್ನು ತಲುಪುವ ಮೊದಲೇ ಜೇಡಿ ಒಡೆಯುತ್ತದೆ! ಒಡ್ಡನ್ನು ಯಾರೂ ಮುಟ್ಟಲಿಲ್ಲ, ಒಡ್ಡಿನ ಡ್ರಾಯಿಂಗ್ ಬದಲಾಗಲಿಲ್ಲ, ಆದರೂ ಅಪಾಯ ಎಷ್ಟೋ ಪಟ್ಟು ಏರಿತು. ಒಡ್ಡಿನ ಹಿಂದೆ ಮಣ್ಣು ತೆಗೆದ ಗುಂಡಿ, ಮೀನು ಕೊಳ, ಬಾವಿ, ಹೊಸ ಕಾಲುವೆ ಇವೆಲ್ಲ ನಿಮ್ಮ ನಕ್ಷೆಯ ಮೇಲೆ ಬರಬೇಕು.

ಸುರಂಗ ನದಿ ಮುಟ್ಟುತ್ತದಾ ಎಂದು ನೋಡಲು ತುಂಬಾ ಹಳೆಯ ಅಂದಾಜು ಬ್ಲೈ ಎಂಬ ಎಂಜಿನಿಯರ್ ಅವರದ್ದು, 1910ರ ಕಾಲದ್ದು: ನೀರು ಅಡಿಯಲ್ಲಿ ಸಾಗಬೇಕಾದ ದೂರ, ನೀರಿನ ಮಟ್ಟದ ವ್ಯತ್ಯಾಸದ ಇಷ್ಟು ಪಟ್ಟು ಇರಬೇಕು ಎಂದು. ನುಣ್ಣನೆಯ ಮರಳಿಗೆ 15, ಇನ್ನೂ ನುಣುಪಾದ ಹೂಳು ಮರಳಿಗೆ 18, ದಪ್ಪ ಮರಳಿಗೆ 12. ನಿಮ್ಮಲ್ಲಿ ವ್ಯತ್ಯಾಸ 4 ಮೀಟರ್ ಇದ್ದು, ಮರಳು ನುಣ್ಣಗಿದ್ದರೆ 60 ಮೀಟರ್ ಬೇಕು. ಒಡ್ಡಿನ ತಳ 30 ಮೀಟರ್ ಇದ್ದರೆ ಅರ್ಧದಷ್ಟೇ ಸುರಕ್ಷತೆ ಇದೆ ಎಂದು ಹೆದರಬೇಡಿ, ಅದು ಒರಟು ನಿಯಮ. ಮೊದಲ ಜರಡಿಯಾಗಿ ಬಳಸಿ, ಯಾವ ಜಾಗ ತೇರ್ಗಡೆ ಆಗುವುದಿಲ್ಲವೋ ಅಲ್ಲಿ ಮರಳಿನ ಕಣದ ಗಾತ್ರ, ನೀರು ಹಾಯುವ ವೇಗ, ಮರಳು ಪದರದ ದಪ್ಪ ಎಲ್ಲ ಲೆಕ್ಕಕ್ಕೆ ಹಿಡಿಯುವ ಸೆಲ್‌ಮೇಯರ್ ವಿಧಾನಕ್ಕೆ ಹೋಗಿ.

ಒಡ್ಡು ತುಂಬಿ ನೀರು ಮೇಲೆ ಹರಿಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ನಿಮಗೆ ಗೊತ್ತಿರುವುದೇ. ನೆತ್ತಿಯ ಮಟ್ಟವನ್ನು ಉದ್ದಕ್ಕೂ ಹೊಸದಾಗಿ ಅಳೆಸಿ, ಮೂಲ ಡ್ರಾಯಿಂಗ್ ನಂಬಬೇಡಿ, ಎಲ್ಲಿ ಕುಸಿದು ತಗ್ಗಾಗಿದೆಯೋ ಅಲ್ಲೇ ಮೊದಲು ಹರಿಯುವುದು. ಬೇರುಗಳು ದಟ್ಟವಾಗಿ ಹಿಡಿದ ಒಳ್ಳೆ ಹುಲ್ಲು ಇದ್ದರೆ ಇಳಿಜಾರು ಸ್ವಲ್ಪ ಹರಿವನ್ನು ತಡೆದುಕೊಳ್ಳುತ್ತದೆ.

ನೀರು ಮೇಲೆ ಹರಿಯದೆಯೇ ಒಡೆದ ಒಡ್ಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡಿ. 2005ರ ಆಗಸ್ಟ್ 29ರಂದು ನ್ಯೂ ಆರ್ಲಿಯನ್ಸ್‌ನ 17ನೇ ಸ್ಟ್ರೀಟ್ ಕಾಲುವೆಯಲ್ಲಿ ನೀರು ಒಡ್ಡಿನ ಮೇಲಿನ ಗೋಡೆಯ ತುದಿಗಿಂತ ಕೆಳಗೇ ಇತ್ತು. ಗೋಡೆ ನೀರಿನ ಒತ್ತಡಕ್ಕೆ ಸ್ವಲ್ಪ ವಾಲಿತು, ನೀರಿನ ಬದಿಯಲ್ಲಿ ಬಿರುಕು ಬಿಟ್ಟಿತು, ಬಿರುಕಿಗೆ ನೀರು ಇಳಿಯಿತು, ಕೆಳಗಿನ ಮೆದು ಜೇಡಿಯ ಪದರದ ಮೇಲೆ ಇಡೀ ಭಾಗ ಹಿಂದಕ್ಕೆ ಜಾರಿತು. 2008ರ ಆಗಸ್ಟ್ 18ರಂದು ಕೋಸಿ ನದಿಯ ಪೂರ್ವದ ಒಡ್ಡು ನೇಪಾಳದ ಕುಸಹಾದಲ್ಲಿ ಒಡೆದಾಗ ಹರಿವು ಸುಮಾರು 1.44 ಲಕ್ಷ ಕ್ಯುಸೆಕ್, ವಿನ್ಯಾಸದ ಸಾಮರ್ಥ್ಯವೋ 9.5 ಲಕ್ಷ. ನದಿಯ ಧಾರೆ ಒಡ್ಡಿನ ಬುಡಕ್ಕೇ ತಿರುಗಿ ಕೊರೆಯುತ್ತಾ ಇತ್ತು. 2003ರ ಆಗಸ್ಟ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ವಿಲ್ನಿಸ್‌ನಲ್ಲಿ ಒಡ್ಡು ಜಾರಿದ್ದು ನೆರೆಯಲ್ಲಿ ಅಲ್ಲ, ಬರದಲ್ಲಿ. ಅದು ಪೀಟ್, ಅಂದರೆ ಕೊಳೆತ ಗಿಡಗಳಿಂದಾದ ಮಣ್ಣಿನ ಒಡ್ಡು, ಒಣಗಿ ಹಗುರವಾಗಿತ್ತು, ಕಾಲುವೆಯ ಮಾಮೂಲಿ ನೀರಿಗೇ ಪಕ್ಕಕ್ಕೆ ಸರಿದು ಹೋಯಿತು. 2004ರ ಜೂನ್ 3ರಂದು ಕ್ಯಾಲಿಫೋರ್ನಿಯಾದ ಡೆಲ್ಟಾದಲ್ಲಿ ಜೋನ್ಸ್ ಟ್ರಾಕ್ಟ್ ಒಡ್ಡು ಮಳೆಯೇ ಇಲ್ಲದ ದಿನ ಒಡೆಯಿತು. ಬರೀ ದೊಡ್ಡ ನೆರೆಯ ಮಟ್ಟ ಹಾಕಿ ಲೆಕ್ಕ ಮಾಡಿದ್ದರೆ ಈ ನಾಲ್ಕರಲ್ಲಿ ಒಂದೂ ಕಾಣುತ್ತಿರಲಿಲ್ಲ.

ಹಾಗಾದರೆ ಲೆಕ್ಕ ಹೇಗೆ? ಒಡ್ಡನ್ನು ಸಮನಾದ ತುಂಡುಗಳಾಗಿ ಕತ್ತರಿಸಬೇಡಿ, ಒಂದೇ ಸ್ವಭಾವದ ತುಂಡುಗಳಾಗಿ ಭಾಗ ಮಾಡಿ. ಒಂದು 3 ಕಿ.ಮೀ. ಇರಬಹುದು, ಇನ್ನೊಂದು 80 ಮೀಟರ್ ಇರಬಹುದು. ತೂಬು ಇರುವ ಜಾಗ, ಪೈಪ್ ಹಾಯುವ ಜಾಗ, ಕಾಂಕ್ರೀಟಿಗೆ ಮಣ್ಣು ತಾಗುವ ಜಾಗ, ಹಿಂದೆ ಒಡೆದು ಮುಚ್ಚಿದ ಜಾಗ, ದೊಡ್ಡ ಮರದ ಬೇರು ಇಳಿದ ಜಾಗ, ಪ್ರಾಣಿಗಳ ಬಿಲ ಇರುವ ಜಾಗ ಇವೆಲ್ಲ ಬೇರೆಯೇ ತುಂಡುಗಳು. ನಾನು ನೋಡಿದ ಒಂದು ಒಡ್ಡಿನಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಹಳೆಯ ಕಬ್ಬಿಣದ ಪೈಪು ಒಂದು ಅಡ್ಡ ಹಾಯ್ದಿತ್ತು, ಬುಡದ ಗಿಡ ಸವರಿಸಿದ ಮೇಲೇ ಅದರ ಬಾಯಿ ಕಂಡಿದ್ದು. ಅದಕ್ಕೇ ನಡೆಯಿರಿ. ಇಡೀ 40 ಕಿಲೋಮೀಟರ್, ಹಿಂಬದಿಯ ಬುಡದಲ್ಲಿ, ಗಿಡ ಸವರಿಸಿ, ನಡೆಯಿರಿ. ಹತ್ತಿರದ ಹೊಲದವರನ್ನು ಕೇಳಿ, ಎಲ್ಲಿ ನೀರು ಜಿನುಗುತ್ತದೆ, ಎಲ್ಲಿ ಬೇಸಿಗೆಯಲ್ಲೂ ಹಸಿರು ಇರುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಆಮೇಲೆ ಪ್ರತಿ ತುಂಡಿಗೂ, ನೀರು ಇಷ್ಟು ಮಟ್ಟಕ್ಕೆ ಬಂದರೆ ಒಡೆಯುವ ಸಾಧ್ಯತೆ ಎಷ್ಟು ಎಂದು ಹಲವು ಮಟ್ಟಗಳಿಗೆ ಅಂದಾಜು ಮಾಡಿ. ಒಂದೇ ಮಟ್ಟ ಎಂದು ಹಿಡಿದ ಮೇಲೆ ತುಂಡುಗಳನ್ನು ಒಂದಕ್ಕೊಂದು ಸಂಬಂಧ ಇಲ್ಲದವು ಎಂದು ಸೇರಿಸುವುದರಲ್ಲಿ ದೊಡ್ಡ ತಪ್ಪಾಗುವುದಿಲ್ಲ, ಯಾಕೆಂದರೆ ಎಲ್ಲಕ್ಕೂ ಸಮಾನವಾದ ನೀರಿನ ಮಟ್ಟವನ್ನು ಆಗಲೇ ಬೇರೆ ಇಟ್ಟಿದ್ದೀರಿ. ಉದಾಹರಣೆಗೆ ನೂರು ವರ್ಷಕ್ಕೊಮ್ಮೆ ಬರುವ ಮಟ್ಟದಲ್ಲಿ ಅನುಮಾನದ 6 ಜಾಗಗಳಿವೆ, ಒಂದೊಂದೂ ಒಡೆಯುವ ಸಾಧ್ಯತೆ ನೂರಕ್ಕೆ 5. ಆರರಲ್ಲಿ ಒಂದಾದರೂ ಒಡೆಯುವುದು ನೂರಕ್ಕೆ 26. ಉಳಿದ 39 ಕಿಲೋಮೀಟರಿನಲ್ಲಿ ಕಿಲೋಮೀಟರಿಗೆ 10 ಸಾವಿರಕ್ಕೆ 5ರಂತೆ ಹಿಡಿದರೂ ಅಲ್ಲಿಂದ ಬರುವುದು ನೂರಕ್ಕೆ 2 ಅಷ್ಟೇ. ಇಡೀ ಅಪಾಯ ಆರು ಜಾಗದಲ್ಲಿ ಕೂತಿದೆ! ಆಮೇಲೆ ಪ್ರತಿ ಮಟ್ಟದ ಸಾಧ್ಯತೆಯನ್ನು ಆ ಮಟ್ಟ ಬರುವ ಸಾಧ್ಯತೆಯಿಂದ ಗುಣಿಸಿ ಎಲ್ಲ ಕೂಡಿಸಿದರೆ ವರ್ಷದ ಸಂಖ್ಯೆ ಸಿಗುತ್ತದೆ.

ಆ ಸಂಖ್ಯೆಯನ್ನು ಒಂದೇ ಅಂಕಿಯಾಗಿ ಕೊಡಬೇಡಿ, ‘300ಕ್ಕೆ 1ರಿಂದ 2,000ಕ್ಕೆ 1ರ ನಡುವೆ’ ಎನ್ನುವ ಹಾಗೆ ಹರವಾಗಿ ಕೊಡಿ, ಯಾವ ಜಾಗದ ಮಾಹಿತಿ ಸಿಕ್ಕರೆ ಹರವು ಕಿರಿದಾಗುತ್ತದೆ ಎಂದೂ ಬರೆಯಿರಿ. ಒಡೆದರೆ ಎಲ್ಲಿ ಎಷ್ಟು ಜನ, ಎಷ್ಟು ಗಂಟೆಯಲ್ಲಿ ನೀರು ತಲುಪುತ್ತದೆ ಎಂಬುದನ್ನೂ ಪಕ್ಕದಲ್ಲೇ ಇಡಿ. ಎರಡು ಜಾಗಗಳ ಸಾಧ್ಯತೆ ಒಂದೇ ಇದ್ದರೂ ಒಂದರ ಹಿಂದೆ ಹುಲ್ಲುಗಾವಲು, ಇನ್ನೊಂದರ ಹಿಂದೆ ಆಸ್ಪತ್ರೆ ಇದ್ದರೆ ಮೊದಲು ಯಾವುದನ್ನು ಸರಿ ಮಾಡಬೇಕು ಎಂದು ಮೇಲಿನವರಿಗೆ ಆಗ ತಾನೇ ಗೊತ್ತಾಗುತ್ತದೆ.

ನೆರೆ ಬಂದಾಗ ಕಾವಲಿಗೆ ಹೋಗುವವರಿಗೆ ಒಂದು ಮಾತು ಈಗಲೇ ಹೇಳಿಕೊಡಿ. ಬುಗ್ಗೆಯ ನೀರು ತಿಳಿಯಾಗಿದ್ದರೆ ಕಣ್ಣಿಡಬೇಕು, ಕೆಂಪಾಗಿ ಮರಳು ತರುತ್ತಿದ್ದರೆ ತಕ್ಷಣ ಕೆಲಸಕ್ಕೆ ಇಳಿಯಬೇಕು. ಬುಗ್ಗೆಯ ಬಾಯಿ ಮುಚ್ಚಬಾರದು, ಮುಚ್ಚಿದರೆ ಪಕ್ಕದಲ್ಲಿ ಏಳುತ್ತದೆ. ಸುತ್ತ ಮರಳು ಚೀಲದ ಬಳೆ ಕಟ್ಟಿ ಒಳಗೆ ನೀರು ಏರಲು ಬಿಡಬೇಕು, ಮರಳು ಬರುವುದು ನಿಂತು ತಿಳಿನೀರು ಮಾತ್ರ ಬರುವ ತನಕ. ನೆರೆ ಇಳಿದ ಮೇಲೂ ಎರಡು ದಿನ ನದಿಯ ಬದಿ ನೋಡುತ್ತಿರಲಿ, ನೀರು ತಟ್ಟನೆ ಇಳಿದಾಗ ನೆನೆದ ಇಳಿಜಾರು ನದಿಯ ಕಡೆಗೆ ಜಾರುವುದುಂಟು. ಬುಗ್ಗೆ ಎದ್ದ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಗುರುತು ಮಾಡಿ. ಈ ಸಲ ಒಡೆಯದಿದ್ದರೂ ಒಳಗೆ ಸುರಂಗ ಸ್ವಲ್ಪ ಬೆಳೆದಿರಬಹುದು, ಮುಂದಿನ ನೆರೆ ಅಲ್ಲಿಂದ ಶುರು ಮಾಡಬಹುದು.

ವರದಿಯಲ್ಲಿ ಸದ್ಯಕ್ಕೆ ಹೀಗೆ ಬರೆಯಬಹುದು: ‘ಪರೀಕ್ಷಿಸಿದ 80 ಜಾಗಗಳಲ್ಲಿ ಇಳಿಜಾರಿನ ಕುಸಿತಕ್ಕೆ ಸರಾಸರಿ ಸೇಫ್ಟಿ ಫ್ಯಾಕ್ಟರ್ 1.5ಕ್ಕಿಂತ ಮೇಲಿದೆ. ಪೈಪಿಂಗ್, ಅಡ್ಡ ಹಾಯುವ ಪೈಪುಗಳು ಮತ್ತು ಜಾಗಗಳ ನಡುವಿನ ನೆಲ ಇನ್ನೂ ಪರೀಕ್ಷೆ ಆಗಿಲ್ಲ.’ ಎರಡನೇ ವಾಕ್ಯವನ್ನು ಯಾರಾದರೂ ತೆಗೆಯಲು ಹೇಳಿದರೆ ತೆಗೆಯಬೇಡಿ.